ಒಂದು ಸಂಬಳ, ಎರಡು ದೇಶದ ಕಡಿತ: 1904ರಲ್ಲಿ ಶುರುವಾದ ಕಥೆ

ಪುಣೆ, ಹೈದರಾಬಾದ್, ಚೆನ್ನೈ, ನೀವು ಎಲ್ಲಿಂದ ಕೇಳ್ತಾ ಇದ್ದರೂ ನಿಮ್ಮ ಟೀಮಿನಲ್ಲಿ ಆನ್‌ಸೈಟ್‌ಗೆ ಹೋಗಿಬಂದವರು ಒಬ್ಬರಾದರೂ ಇರ್ತಾರೆ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿದವರಾದರೆ ಅವರ ಅಲ್ಲಿನ ಪೇಸ್ಲಿಪ್ ಒಮ್ಮೆ ನೋಡಿ. ಸೋಶಿಯಲ್ ಸೆಕ್ಯುರಿಟಿಗೆ ಶೇಕಡ 6.2, ಮೆಡಿಕೇರ್‌ಗೆ ಶೇಕಡ 1.45 ಕಡಿತ ಆಗಿರುತ್ತೆ. ಅಷ್ಟೇ ದುಡ್ಡನ್ನು ಕಂಪನಿಯೂ ಕಟ್ಟಿರುತ್ತೆ. ಆದರೆ ಅಲ್ಲಿನ ನಿವೃತ್ತಿ ಪಿಂಚಣಿ ಸಿಗೋಕೆ 40 ಕ್ರೆಡಿಟ್ ಬೇಕು. ವರ್ಷಕ್ಕೆ ಹೆಚ್ಚೆಂದರೆ 4, ಅಂದರೆ ಕನಿಷ್ಠ 10 ವರ್ಷದ ದುಡಿಮೆ. ಗ್ರೀನ್ ಕಾರ್ಡ್ ಅರ್ಜಿ ಇಲ್ಲದಿದ್ದರೆ ಎಚ್-1ಬಿ 6 ವರ್ಷಕ್ಕೆ ಮುಗಿಯುತ್ತೆ. ದುಡ್ಡು ಹೋಯ್ತು, ಪಿಂಚಣಿ ಬರಲಿಲ್ಲ.

ಅದೇ ಮನುಷ್ಯನನ್ನು ಅದೇ ಕಂಪನಿ ಬೆಲ್ಜಿಯಂಗೆ ಕಳಿಸಿದರೆ? ನಮ್ಮ ಪಿಎಫ್ ಕಚೇರಿಯಿಂದ ಒಂದು ಸರ್ಟಿಫಿಕೇಟ್ ಒಯ್ದರೆ ಅಲ್ಲಿನ ಸಾಮಾಜಿಕ ಭದ್ರತೆ ಕಡಿತ ಇರಲ್ಲ. ಯಾಕೆ ಹೀಗೆ? ಬೆಲ್ಜಿಯಂನವರು ಹೆಚ್ಚು ಉದಾರಿಗಳು ಅಂತ ಅಲ್ಲ. ನಡುವೆ ಒಂದು ಒಪ್ಪಂದ ಇದೆ, ಅಷ್ಟೇ. ಈ ಥರದ ಒಪ್ಪಂದಗಳು ಹುಟ್ಟಿದ್ದು ಹೇಗೆ ಅನ್ನೋದು ಇವತ್ತಿನ ಮಾತು.

ಕಾನೂನು ಬಂತು, ಪರದೇಶಿ ಹೊರಗುಳಿದ

ಬೇರೆ ದೇಶದಲ್ಲಿ ಕೆಲಸಕ್ಕೆ ಜನರನ್ನು ಇಟ್ಟುಕೊಳ್ಳುವ ಯಾವ ಕಂಪನಿಗೂ ಮೊದಲ ಪಾಠ ಒಂದೇ: ಕೆಲಸ ಎಲ್ಲಿ ನಡೆಯುತ್ತೋ ಅಲ್ಲಿನ ಕಾನೂನು. ಆದರೆ ಸಂಬಳದಿಂದ ಹಿಡಿದು ವಿಮೆಗೆ ಕಟ್ಟುವ ಕಾನೂನುಗಳೇ ಅಷ್ಟು ಹಳೆಯವಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಲದಲ್ಲಿ 1883ಕ್ಕೆ ಆರೋಗ್ಯ ವಿಮೆ, 1884ಕ್ಕೆ ಅಪಘಾತ ವಿಮೆ, 1889ಕ್ಕೆ ವೃದ್ಧಾಪ್ಯ ಪಿಂಚಣಿ ಬಂದವು. ಬೇರೆ ದೇಶಗಳೂ ಒಂದೊಂದಾಗಿ ಇಂಥ ಕಾನೂನು ಮಾಡಿದವು. ಎಲ್ಲದರ ಹಿಂದೆ ಒಂದು ಊಹೆ ಇತ್ತು: ಕಾರ್ಮಿಕ ಒಂದೇ ದೇಶದಲ್ಲಿ ಹುಟ್ಟಿ, ಅಲ್ಲೇ ದುಡಿದು, ಅಲ್ಲೇ ಮುದುಕನಾಗ್ತಾನೆ ಅಂತ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಡಿಸೈನ್‌ನಲ್ಲಿ ಆ ಕೇಸೇ ಇರಲಿಲ್ಲ.

ಆದರೆ ಜನ ಆಗಲೇ ಗಡಿ ದಾಟ್ತಾ ಇದ್ದರು. ದಕ್ಷಿಣ ಫ್ರಾನ್ಸಿನ ಬಂದರು, ಉಪ್ಪಿನ ಗದ್ದೆಗಳಲ್ಲಿ ಸಾವಿರಾರು ಇಟಾಲಿಯನ್ ಕೂಲಿಗಳು. ಕಡಿಮೆ ಕೂಲಿಗೆ ಬಂದು ನಮ್ಮ ಅನ್ನ ಕಸೀತಾರೆ ಅನ್ನೋ ಸಿಟ್ಟು ಸ್ಥಳೀಯರಿಗೆ. 1893ರ ಆಗಸ್ಟ್‌ನಲ್ಲಿ ಎಗ್ ಮೋರ್ತ್ ಅನ್ನೋ ಊರಿನ ಉಪ್ಪಿನ ಗದ್ದೆಯಲ್ಲಿ ಜಗಳ ಹೊತ್ತಿಕೊಂಡು, ಗುಂಪೊಂದು ಇಟಾಲಿಯನ್ನರನ್ನು ಅಟ್ಟಿಸಿಕೊಂಡು ಹೋಗಿ ಕೊಂದಿತು. ಸರ್ಕಾರಿ ಲೆಕ್ಕದಲ್ಲೇ 8 ಸಾವು. ಕೋರ್ಟಿನಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು.

ಐದು ವರ್ಷದ ಮೇಲೆ, 1898ರಲ್ಲಿ, ಫ್ರಾನ್ಸ್ ಕೆಲಸದ ಅಪಘಾತಕ್ಕೆ ಮಾಲೀಕನೇ ಪರಿಹಾರ ಕೊಡಬೇಕು ಅಂತ ಕಾನೂನು ಮಾಡಿತು. ಒಳ್ಳೆಯ ಕಾನೂನೇ. ಆದರೆ ಒಳಗೆ ಒಂದು ಕೊಕ್ಕೆ: ಸತ್ತ ಕಾರ್ಮಿಕ ಪರದೇಶದವನಾಗಿದ್ದು, ಅಪಘಾತ ಆದಾಗ ಅವನ ಹೆಂಡತಿ ಮಕ್ಕಳು ಫ್ರಾನ್ಸಿನಲ್ಲಿ ವಾಸ ಇರದಿದ್ದರೆ ಅವರಿಗೆ ಏನೂ ಇಲ್ಲ. ಕೂಲಿಗೆ ಹೋದವನ ಸಂಸಾರ ಊರಲ್ಲೇ ಇರುತ್ತೆ ತಾನೇ? ಅಂದರೆ ಲೆಕ್ಕ ನೋಡುವ ಮಾಲೀಕನಿಗೆ ಇಟಾಲಿಯನ್ನನ ಜೀವ ಅಗ್ಗ.

1904ರ ಚೌಕಾಸಿ

ಇಲ್ಲಿ ಇಟಲಿ ಒಂದು ಕೆಲಸ ಮಾಡಿತು. ಹೋದವರು ಹೋದರು ಅಂತ ಕೈಬಿಡದೆ ಮಾತುಕತೆಗೆ ಕೂತಿತು. ಇಟಲಿ ಕಡೆ ಲುಯಿಜಿ ಲುಝಾಟ್ಟಿ, ಫ್ರಾನ್ಸ್ ಕಡೆ ಕಾರ್ಮಿಕ ಇಲಾಖೆಯ ಆರ್ತುರ್ ಫೊಂತೆನ್. 1904ರ ಏಪ್ರಿಲ್ 15ಕ್ಕೆ ರೋಮ್‌ನಲ್ಲಿ ಒಪ್ಪಂದ ಆಯಿತು.

ಇದರಲ್ಲಿ ಕೊಡು-ಕೊಳ್ಳು ಎರಡೂ ಇತ್ತು. ಇಟಾಲಿಯನ್ ಕಾರ್ಮಿಕನಿಗೆ ಅಪಘಾತ ಪರಿಹಾರದಲ್ಲಿ ಸಮಾನ ಹಕ್ಕಿನ ದಾರಿ ತೆರೆಯಿತು, 1906ರಲ್ಲಿ ಅದಕ್ಕೆ ವಿವರವಾದ ಕರಾರೂ ಆಯಿತು. ಕಾರ್ಮಿಕರು ಉಳಿತಾಯದ ಹಣವನ್ನು ಒಂದು ದೇಶದ ಉಳಿತಾಯ ಬ್ಯಾಂಕಿನಿಂದ ಇನ್ನೊಂದಕ್ಕೆ ಖರ್ಚಿಲ್ಲದೆ ಕಳಿಸಬಹುದಾಯಿತು. ಇದಕ್ಕೆ ಬದಲಾಗಿ ಫ್ರಾನ್ಸ್ ಕೇಳಿದ್ದೇನು? ಇಟಲಿ ತನ್ನ ಕಾರ್ಖಾನೆಗಳಿಗೆ ಸರಿಯಾದ ಇನ್‌ಸ್ಪೆಕ್ಟರುಗಳನ್ನು ನೇಮಿಸಬೇಕು, ಹೆಂಗಸರ ದುಡಿಮೆಯ ಗಂಟೆ ಇಳಿಸುವ ದಾರಿ ನೋಡಬೇಕು. ನಿಮ್ಮಲ್ಲಿ ಕಾನೂನು ಸಡಿಲ ಇದ್ದರೆ ನಮ್ಮ ಕಾರ್ಖಾನೆ ಮುಚ್ಚುತ್ತೆ ಅನ್ನೋ ಭಯ ಅವರದು. ಇವತ್ತು ಔಟ್‌ಸೋರ್ಸಿಂಗ್ ಬಗ್ಗೆ ಕೇಳುವ ಮಾತು ಇದೇ ಅಲ್ವಾ?

ಈ ಸಮಾನತೆಯ ತತ್ವ 1925ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 19ನೇ ಕನ್ವೆನ್ಷನ್ ಆಯಿತು. ಬ್ರಿಟಿಷರ ಕಾಲದಲ್ಲೇ, 1927ರಲ್ಲಿ, ಭಾರತವೂ ಅದನ್ನು ಒಪ್ಪಿಕೊಂಡಿತು.

ಕಲ್ಲಿದ್ದಲ ಗಣಿಯಿಂದ ಬ್ರಸೆಲ್ಸ್‌ಗೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಬೆಲ್ಜಿಯಂನ ಗಣಿಗೆ ಇಳಿಯೋಕೆ ಆಳು ಸಾಲದು. 1946ರ ಜೂನ್‌ನಲ್ಲಿ ಇಟಲಿ ಜೊತೆ ಕರಾರು: ಇಟಲಿ 50,000 ಜನರನ್ನು ಕಳಿಸೋದು, ಬೆಲ್ಜಿಯಂ ಕಲ್ಲಿದ್ದಲು ಕೊಡೋದು. 1956ರ ಆಗಸ್ಟ್ 8ಕ್ಕೆ ಮಾರ್ಸಿನೆಲ್ ಗಣಿಯಲ್ಲಿ ಬೆಂಕಿ ಬಿದ್ದು 262 ಜನ ಸತ್ತರು. ಅವರಲ್ಲಿ 136 ಜನ ಇಟಾಲಿಯನ್ನರು. ಗಡಿ ದಾಟಿ ದುಡಿಯುವವರ ವಿಮೆಯ ಮಾತುಕತೆ ಯುರೋಪಿನಲ್ಲಿ ಆಗಲೇ ನಡೀತಾ ಇತ್ತು. ಯುರೋಪಿಯನ್ ಆರ್ಥಿಕ ಸಮುದಾಯ 1958ರಲ್ಲಿ ಹುಟ್ಟಿದಾಗ ಅದು ಮಾಡಿದ 3ನೇ ನಿಯಮಾವಳಿಯೇ ಇದು.

ಅದರಲ್ಲಿ ಮುಖ್ಯವಾಗಿ ಮೂರು ಮಾತು. ಒಬ್ಬ ಮನುಷ್ಯನಿಗೆ ಒಂದು ಹೊತ್ತಿಗೆ ಒಂದೇ ದೇಶದ ವಿಮೆ. ಸ್ವಲ್ಪ ಕಾಲಕ್ಕೆ ಕಂಪನಿ ಕಳಿಸಿದವನು ತವರಿನ ವಿಮೆಯಲ್ಲೇ ಉಳೀಬಹುದು. ಬೇರೆ ಬೇರೆ ದೇಶದಲ್ಲಿ ದುಡಿದ ವರ್ಷಗಳನ್ನು ಕೂಡಿಸಿ ಪಿಂಚಣಿಯ ಅರ್ಹತೆ ನೋಡಬೇಕು. ಇವತ್ತಿನ ಸಾಮಾಜಿಕ ಭದ್ರತಾ ಒಪ್ಪಂದಗಳಲ್ಲೂ ಇಂಥವೇ ಮಾತುಗಳು ಕಾಣುತ್ತವೆ.

ನಮ್ಮ ಸರದಿ

ಭಾರತ ಇಂಥ ಒಪ್ಪಂದವನ್ನು ಮೊದಲು ಮಾಡಿದ್ದು ಅದೇ ಬೆಲ್ಜಿಯಂ ಜೊತೆ. 2006ರಲ್ಲಿ ಸಹಿ, 2009ರ ಸೆಪ್ಟೆಂಬರ್‌ನಲ್ಲಿ ಜಾರಿ. ಆಮೇಲೆ ಜರ್ಮನಿ, ಸ್ವಿಟ್ಜರ್ಲೆಂಡ್, ಜಪಾನ್ ಹೀಗೆ ಪಟ್ಟಿ ಬೆಳೆಯಿತು. ಈ ಸಲ ಗಡಿ ದಾಟಿದವರು ಗಣಿ ಕೆಲಸದವರಲ್ಲ, ಲ್ಯಾಪ್‌ಟಾಪ್ ಹಿಡಿದವರು.

ಇದರ ಜೊತೆಗೆ ಭಾರತ ಇನ್ನೊಂದು ಅಸ್ತ್ರ ತೆಗೆಯಿತು. 2008ರ ಅಕ್ಟೋಬರ್‌ನಿಂದ ಇಲ್ಲಿ ಕೆಲಸ ಮಾಡುವ ವಿದೇಶೀಯರೂ ಪಿಎಫ್ ಕಟ್ಟಬೇಕಾಯಿತು. ನಮಗೆ ಇರುವ ಸಂಬಳದ ಮಿತಿ ಅವರಿಗಿಲ್ಲ, ಪೂರ್ತಿ ಸಂಬಳದ ಮೇಲೆ ಲೆಕ್ಕ. ಒಪ್ಪಂದ ಇರುವ ದೇಶದವರು ಸರ್ಟಿಫಿಕೇಟ್ ತಂದರೆ ವಿನಾಯಿತಿ. ಒಪ್ಪಂದಕ್ಕೆ ಬನ್ನಿ ಅಂತ ಬೇರೆ ದೇಶಗಳಿಗೆ ಹಾಕಿದ ಒತ್ತಡ ಅಂತಲೇ ಹಲವರು ಇದನ್ನು ಓದಿದರು. 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್, ಇದು ಸಂವಿಧಾನದ 14ನೇ ವಿಧಿಯ ಸಮಾನತೆಗೆ ವಿರುದ್ಧ ಅಂತ ಈ ನಿಯಮವನ್ನು ರದ್ದು ಮಾಡಿತು. 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಸರಿ ಅಂದಿತು. ಹಾಗಾಗಿ ವಿದೇಶೀಯರನ್ನು ಇಟ್ಟುಕೊಂಡಿರುವ ಕಂಪನಿಗಳ ಪೇರೋಲ್‌ನವರಿಗೆ ತಲೆನೋವು ಇನ್ನೂ ಮುಗಿದಿಲ್ಲ.

ಅಮೆರಿಕ ತನ್ನ ಮೊದಲ ಇಂಥ ಒಪ್ಪಂದವನ್ನು ಯಾರ ಜೊತೆ ಮಾಡಿಕೊಂಡಿತು ಗೊತ್ತಾ? ಮತ್ತೆ ಇಟಲಿ. 1978ರಲ್ಲಿ ಜಾರಿಗೆ ಬಂತು. ಭಾರತದ ಜೊತೆ ಇನ್ನೂ ಇಲ್ಲ.

ನಾನು ಹೇಳಬೇಕಾದ್ದು ಇಷ್ಟೇ. ಪೇಸ್ಲಿಪ್‌ನ ಕಡಿತ ಸಾಫ್ಟ್‌ವೇರ್ ಮಾಡಿದ ಲೆಕ್ಕ ಅನ್ನಿಸುತ್ತೆ, ಆದರೆ ಅದರ ಹಿಂದೆ ಯಾರೋ ಮೇಜಿನ ಮುಂದೆ ಕೂತು ಮಾಡಿದ ಚೌಕಾಸಿ ಇದೆ. ಕಳಿಸುವ ದೇಶ ತನ್ನ ಜನರ ಪರವಾಗಿ ಕೂತಲ್ಲಿ ದುಡ್ಡು ಉಳಿದಿದೆ, ಕೂರದಿದ್ದಲ್ಲಿ ಅಥವಾ ಕೂತೂ ಗೆಲ್ಲದಿದ್ದಲ್ಲಿ ಹೋಗಿದೆ. ನೀವು ಹೊರಡುವವರಾದರೆ ಸಹಿ ಹಾಕೋ ಮೊದಲು ಎಚ್‌ಆರ್ ಹತ್ತಿರ ಮೂರು ಪ್ರಶ್ನೆ ಕೇಳಿ: ನನ್ನ ಸಂಬಳ ಇಲ್ಲಿನ ಪೇರೋಲ್‌ನಿಂದಲೋ ಅಲ್ಲಿನದರಿಂದಲೋ? ಆ ದೇಶದ ಜೊತೆ ನಮಗೆ ಒಪ್ಪಂದ ಇದೆಯಾ? ಇದ್ದರೆ ಸರ್ಟಿಫಿಕೇಟ್ ನಾನು ವಿಮಾನ ಹತ್ತೋ ಮೊದಲು ಕೈಗೆ ಬರುತ್ತಾ?

ಅಲ್ಲಿನ ಕಂಪನಿಯೇ ನೇರವಾಗಿ ಕೆಲಸಕ್ಕೆ ತಗೊಂಡರೆ ಅಲ್ಲಿನ ಕಾನೂನೇ ಪೂರ್ತಿ ಅನ್ವಯ. ಆಗ ಒಪ್ಪಂದದಲ್ಲಿ ವರ್ಷ ಕೂಡಿಸುವ ಅವಕಾಶ ಇದೆಯಾ ಅಂತ ನೋಡಿ, ಎಲ್ಲ ಕಾಗದಪತ್ರ ಜೋಪಾನ ಮಾಡಿ. ಮೂವತ್ತು ವರ್ಷದ ಮೇಲೆ ಬೇಕಾಗುತ್ತೆ.