ಹತ್ತು ಸೆಂಟಿಮೀಟರ್ ತಾರ್ಲೆಯ ಹಿಂದಿನ ಕಥೆ

ಮಾತಾಡ್ತಿರೋದು ಹಳಿಯಾಳ ತಾಲೂಕಿನ ಸಾಂಬ್ರಾಣಿಯಿಂದ. ಇಲ್ಲಿ ಸಮುದ್ರ ಇಲ್ಲ, ಆದ್ರೆ ಘಟ್ಟ ಹತ್ತಿ ಬರೋ ತಾರ್ಲೆ ಇದೆ. ಮಂಗಳೂರು ಕಡೆ ಇದನ್ನೇ ಬೂತಾಯಿ ಅಂತಾರೆ. ಇವತ್ತಿನ ಪ್ರಶ್ನೆ: ಎಷ್ಟು ಚಿಕ್ಕ ಮೀನನ್ನ ಹಿಡೀಬಾರದು?

ಇದು ಹಳೇ ಪ್ರಶ್ನೆ. ಪಶ್ಚಿಮ ಕರಾವಳಿಯಲ್ಲಿ ತಾರ್ಲೆ ಕಡಿಮೆಯಾದಾಗ, 1943ರಲ್ಲೇ ಮದ್ರಾಸ್ ಸರ್ಕಾರ ಮರಿ ಮೀನು ಹಿಡಿಯೋದಕ್ಕೆ ನಿರ್ಬಂಧ ಹಾಕಿತ್ತು. ಕೆಲವೇ ವರ್ಷಗಳಲ್ಲಿ ಅದನ್ನ ವಾಪಸ್ ತಗೊಂಡ್ರು. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಕಾರವಾರ ಮುಂಬೈ ಪ್ರಾಂತ್ಯದಲ್ಲಿ. ಮದ್ರಾಸಿನ ಕಾನೂನು ಭಟ್ಕಳಕ್ಕೆ ಬರಲ್ಲ, ಮೀನು ಬರುತ್ತೆ.

2015ರಲ್ಲಿ ಕೇರಳ 14 ಜಾತಿಗಳಿಗೆ ಕನಿಷ್ಠ ಗಾತ್ರ ನಿಗದಿ ಮಾಡಿ, ಆಮೇಲೆ ಪಟ್ಟಿಯನ್ನ 58ಕ್ಕೆ ಏರಿಸಿತು. ತಾರ್ಲೆಗೆ 10 ಸೆಂ.ಮೀ., ಬಂಗುಡೆಗೆ 14. ಕರ್ನಾಟಕವೂ ನಂತರ ಅದೇ ದಾರಿ ಹಿಡಿಯಿತು. ಆದ್ರೂ 2012ರಲ್ಲಿ ಕೇರಳಕ್ಕೆ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ತಾರ್ಲೆ 2021ರಲ್ಲಿ 3,297 ಟನ್‌ಗೆ ಇಳಿಯಿತು. ಇದಕ್ಕೆ ಸಮುದ್ರದ ಹವಾಮಾನವೂ ಕಾರಣ, ಬರೀ ಬಲೆಯಲ್ಲ.

ನಾನು ಬಿ.ಕಾಂ. ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ತಾರ್ಲೆ ಮೊಟ್ಟೆ ಇಡೋ ಹೊತ್ತಿಗೆ ಸುಮಾರು 15 ಸೆಂ.ಮೀ. ಆಗಿರುತ್ತೆ. ಅಂದ್ರೆ 10ರ ಮಿತಿ ಪಾಲಿಸಿದ್ರೂ, ಒಮ್ಮೆಯೂ ಮರಿ ಮಾಡದ ಮೀನು ಬುಟ್ಟಿಗೆ ಬೀಳುತ್ತೆ. ಬಡ್ಡಿ ಹುಟ್ಟೋ ಮೊದಲೇ ಅಸಲು ಖರ್ಚು! ದಡದಲ್ಲಿ ಅಳತೆಪಟ್ಟಿ ಹಿಡಿಯೋ ಹೊತ್ತಿಗೆ ಮೀನು ಸತ್ತಿರುತ್ತೆ. ಹಾಗಾಗಿ ಮಿತಿ ಬಲೆಯ ಕಣ್ಣಿನಲ್ಲಿ ಶುರುವಾಗಬೇಕು. ಮರಿ ಮೀನು ಕೊಳ್ಳೋ ಮೀನುಪುಡಿ ಕಾರ್ಖಾನೆಗಳ ಗೇಟಿನಲ್ಲೂ ಇರಬೇಕು. ಬಲೆ ಬದಲಿಸೋ ಖರ್ಚನ್ನ ಸಣ್ಣ ದೋಣಿಯವರ ತಲೆಗೇ ಕಟ್ಟಿದ್ರೆ, 1943ರ ಹಾಗೆ ಇದೂ ಕಾಗದದಲ್ಲೇ ಉಳಿಯುತ್ತೆ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.