ನಾಳಿನ ಮಳೆಗೆ ಯಾವ ಕಾಲ?

ಹೈಸ್ಕೂಲಿನಲ್ಲಿ ‘ಮಳೆ ಬರುತ್ತಿದೆ’ ಎಂಬ ವಾಕ್ಯವನ್ನು ನಾನು ‘ರೇನ್ ಈಸ್ ಕಮಿಂಗ್’ ಎಂದು ಇಂಗ್ಲಿಷಿಗೆ ತಿರುಗಿಸಿ, ಮೇಷ್ಟರ ಕೆಂಪು ಗೀಟಿಗೆ ಗುರಿಯಾದೆ. ‘ಇಟ್ ಈಸ್ ರೇನಿಂಗ್’ ಎನ್ನಬೇಕೆಂದು ತಿದ್ದಿದರು. ಆ ‘ಇಟ್’ ಯಾರು ಸಾರ್ ಎಂದೆ. ‘ಯಾರೂ ಅಲ್ಲ, ಬರಿ’ ಎಂದರು.

ನಮ್ಮಲ್ಲಿ ಮಳೆಯೇ ಕರ್ತೃ. ಅದೇ ಬರುತ್ತದೆ, ಹಿಡಿಯುತ್ತದೆ, ಬಿಡುತ್ತದೆ. ಕಾಲದ ವಿಷಯದಲ್ಲಂತೂ ನಮ್ಮ ಧಾರಾಳತನಕ್ಕೆ ಎಣೆಯಿಲ್ಲ. ಒಂದು ಹನಿಯೂ ಬೀಳುವ ಮುನ್ನವೇ ಅಜ್ಜಿ ಅಂಗಳದಿಂದ ‘ಮಳೆ ಬಂತು, ಬಂತು, ಹಪ್ಪಳ ಎತ್ರೋ’ ಎಂದು ಕೂಗುತ್ತಾಳೆ. ಆಗಬೇಕಾದುದು ಆಗಿಯೇ ಹೋಯಿತು! ಇಂಗ್ಲಿಷ್ ಇಲ್ಲಿ ಜಾಗರೂಕತೆಯನ್ನು ಬೇಡುತ್ತದೆ. ಮೋಡ ಕಣ್ಣೆದುರಿಗೇ ಕವಿದಿದ್ದರೆ ‘ಇಟ್ ಈಸ್ ಗೋಯಿಂಗ್ ಟು ರೇನ್’ ಎಂಬುದು ಸಹಜವಾದ ಪ್ರಯೋಗ. ನಾಳಿನ ಮಾತನ್ನು ಊಹಿಸಿ ಹೇಳುವಾಗ ‘ಇಟ್ ವಿಲ್ ರೇನ್’ ಎನ್ನುವುದು ವಾಡಿಕೆ.

ಈ ‘ವಿಲ್’ಗೂ ಒಂದು ಪೂರ್ವಕಥೆಯುಂಟು. ಹಳೆಯ ಇಂಗ್ಲಿಷಿನಲ್ಲಿ ಭವಿಷ್ಯತ್ಕಾಲಕ್ಕೆಂದೇ ಬೇರೆ ಕ್ರಿಯಾರೂಪವಿರಲಿಲ್ಲ. ‘ವಿಲ್’ ಎಂದರೆ ಇಚ್ಛೆ, ‘ಶಲ್’ ಎಂದರೆ ಕರ್ತವ್ಯ. ಇವೆರಡೂ ಕ್ರಮೇಣ ಭವಿಷ್ಯದ ಹೊರೆ ಹೊತ್ತವು. 1653ರಲ್ಲಿ ಜಾನ್ ವಾಲಿಸ್ ಎಂಬ ವಿದ್ವಾಂಸ ತನ್ನ ಲ್ಯಾಟಿನ್ ಗ್ರಂಥವೊಂದರಲ್ಲಿ ಇವಕ್ಕೆ ಕಟ್ಟಳೆ ಹಾಕಿದ. ಅದರಂತೆ ಪ್ರಥಮ ಪುರುಷದಲ್ಲಿ ‘ವಿಲ್’ ಬರಿಯ ಮುನ್ನುಡಿ. ‘ಶಲ್’ ಆಡುವವನ ಆಣತಿ ಅಥವಾ ವಾಗ್ದಾನ. ಎಂದರೆ ‘ಇಟ್ ಶಲ್ ರೇನ್’ ಎನ್ನುವ ಅಧಿಕಾರ ವರುಣನಿಗೆ ಮಾತ್ರ. ಈಗ ಆ ಕಟ್ಟಳೆ ಸಡಿಲವಾಗಿದೆ. ಆದರೆ ನಾಳಿನ ಮಳೆಯ ಬಗ್ಗೆ ಎಷ್ಟು ಗಟ್ಟಿಯಾಗಿ ಮಾತನಾಡಬಹುದೆಂಬ ಪ್ರಶ್ನೆ ಉಳಿದುಕೊಂಡಿತು. ಅದರ ಭಾರವನ್ನು ಒಬ್ಬ ಮನುಷ್ಯ ಹೊತ್ತ.

ಆತ ರಾಬರ್ಟ್ ಫಿಟ್ಸ್‌ರಾಯ್, ಡಾರ್ವಿನ್ನನನ್ನು ಲೋಕ ಸುತ್ತಿಸಿದ ‘ಬೀಗಲ್’ ಹಡಗಿನ ಕಪ್ತಾನ. 1859ರ ಅಕ್ಟೋಬರಿನ ಬಿರುಗಾಳಿಯಲ್ಲಿ ‘ರಾಯಲ್ ಚಾರ್ಟರ್’ ಹಡಗು ವೇಲ್ಸಿನ ಕರಾವಳಿಯಲ್ಲಿ ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಆಗ ಬ್ರಿಟನ್ನಿನ ಹವಾಮಾನ ಕಚೇರಿಯ ಮುಖ್ಯಸ್ಥನಾಗಿದ್ದ ಫಿಟ್ಸ್‌ರಾಯ್ 1861ರಲ್ಲಿ ತಂತಿಯ ಮೂಲಕ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕೊಡತೊಡಗಿದ. ಅದೇ ವರ್ಷ ಆಗಸ್ಟ್ 1ರಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಮುಂದಿನ ಎರಡು ದಿನಗಳ ಹವೆಯ ಸೂಚನೆ ಅಚ್ಚಾಯಿತು. ಅದರಲ್ಲಿ ‘ವಿಲ್’ ಇರಲಿಲ್ಲ. ಸಂಭವನೀಯ ಎಂಬರ್ಥದ ಒಂದು ವಿಶೇಷಣ, ಅದರ ಕೆಳಗೆ ದಿಕ್ಕು, ಗಾಳಿ, ಆಕಾಶದ ಸ್ಥಿತಿ, ಅಷ್ಟೆ. ಇದು ಜ್ಯೋತಿಷ್ಯವಲ್ಲ, ಲೆಕ್ಕಾಚಾರದಿಂದ ಮೂಡಿದ ಅಭಿಪ್ರಾಯ ಎಂಬುದು ಆತನ ವಾದ. ಅದಕ್ಕಾಗಿಯೇ ‘ಫೋರ್‌ಕಾಸ್ಟ್’ ಎಂಬ ಹಳೆಯ ಪದಕ್ಕೆ ಹೊಸ ಅರ್ಥ ಕೊಟ್ಟ. ‘ಕಾಸ್ಟ್’ ಎಂದರೆ ಎಸೆ. ಅದರ ಭೂತಕಾಲದ ರೂಪವೂ ‘ಕಾಸ್ಟ್’ ಎಂದೇ. ಆದ್ದರಿಂದ ‘ಫೋರ್‌ಕಾಸ್ಟ್’ ಭೂತದಲ್ಲೂ ಬದಲಾಗದೆ ನಿಲ್ಲಬಲ್ಲದು. ‘ಫೋರ್‌ಕಾಸ್ಟೆಡ್’ ಎಂಬ ರೂಪವೂ ಬಳಕೆಯಲ್ಲಿದೆ.

ಓದುಗರು ಮಾತ್ರ ಸಂಭವವನ್ನು ನಿಶ್ಚಯವೆಂದೇ ಓದಿಕೊಂಡರು. ಸೂಚನೆ ತಪ್ಪಿದಾಗ ನಕ್ಕರು, ವಿಜ್ಞಾನಿಗಳೂ ಜರೆದರು. ಕಾಯಿಲೆ, ಹಣದ ಮುಗ್ಗಟ್ಟುಗಳಿಂದಲೂ ನೊಂದಿದ್ದ ಆತ 1865ರ ಏಪ್ರಿಲ್ 30ರಂದು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಮರುವರ್ಷ ಮುನ್ಸೂಚನೆಗಳೂ ನಿಂತವು. ಆದರೆ ಸಮುದ್ರವನ್ನು ನಂಬಿ ಬದುಕುವವರಿಗೆ ಆ ಸಂಭವವೂ ಬೇಕಿತ್ತು. 1867ರಲ್ಲಿ ಬಿರುಗಾಳಿಯ ಎಚ್ಚರಿಕೆಗಳು, 1879ರಲ್ಲಿ ಪತ್ರಿಕೆಯ ಮುನ್ಸೂಚನೆಗಳು ಮರಳಿದವು.

ಬಿ.ಬಿ.ಸಿ. ರೇಡಿಯೋದಲ್ಲಿ ಇಂದಿಗೂ ಪ್ರಸಾರವಾಗುವ ನಾವಿಕರ ಹವಾವರ್ತೆಯಲ್ಲಿ ಪೂರ್ಣ ಕ್ರಿಯಾಪದಗಳು ಬಹು ವಿರಳ. ಗಾಳಿ ಪ್ರದಕ್ಷಿಣವಾಗಿ ತಿರುಗಿದರೆ ‘ವೀರಿಂಗ್’, ಅಪ್ರದಕ್ಷಿಣವಾದರೆ ‘ಬ್ಯಾಕಿಂಗ್’. ಭವಿಷ್ಯತ್ಕಾಲದ ಬದಲಿಗೆ ಅಳತೆಗೊಂಡ ಪದಗಳಿವೆ: ‘ಇಮಿನೆಂಟ್’ ಎಂದರೆ 6 ಗಂಟೆಗಳೊಳಗೆ, ‘ಸೂನ್’ ಎಂದರೆ 6ರಿಂದ 12, ‘ಲೇಟರ್’ ಎಂದರೆ 12ರಿಂದ 24 ಗಂಟೆ. ಆ ವಾರ್ತೆಯಲ್ಲಿ ಹೆಸರಿಸುವ ಸಾಗರಪ್ರದೇಶಗಳಲ್ಲೊಂದಕ್ಕೆ 2002ರಲ್ಲಿ ‘ಫಿಟ್ಸ್‌ರಾಯ್’ ಎಂದೇ ನಾಮಕರಣವಾಯಿತು.

ನಮ್ಮ ಆಕಾಶವಾಣಿ ‘ಮಳೆಯಾಗುವ ಸಂಭವವಿದೆ’ ಎಂದಾಗ ನಾವೂ ನಕ್ಕವರೇ. ಬಂದರೂ ಸರಿ, ಬಾರದಿದ್ದರೂ ಸರಿ ಎಂಬ ಜಾಣತನ ಅದೆಂದು ನಾನೂ ಬಹುಕಾಲ ಭಾವಿಸಿದ್ದೆ. ಈಗ ಹಾಗೆನ್ನಿಸುವುದಿಲ್ಲ. ತಿಳಿದಷ್ಟನ್ನೇ ತಿಳಿದಂತೆ ಹೇಳುವ ಆ ಒಂದು ಪದದ ಹಿಂದೆ ಒಡೆದ ಹಡಗೂ ಇದೆ, ಸೋತ ಕಪ್ತಾನನೂ ಇದ್ದಾನೆ.