ಅಯ್ಯಾವೊಳೆಯ ಐನೂರ್ವರು: ಬಣಂಜುಧರ್ಮ ಮತ್ತು ಸಂಘದ ಕಟ್ಟು

ಮಲಪ್ರಭೆಯ ದಂಡೆಯ ಐಹೊಳೆ ಇಂದು ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಗ್ರಾಮ. ಗುಡಿಗಳನ್ನು ನೋಡಬಂದವರಿಗೆ ಆ ಊರು ಒಂದು ಕಾಲಕ್ಕೆ ವರ್ತಕಲೋಕದ ಮೂಲಸ್ಥಾನವೆನಿಸಿತ್ತೆಂಬುದರ ಸುಳಿವು ಸಿಕ್ಕುವುದು ಕಷ್ಟ. ಆದರೆ ಅದರ ಹೆಸರನ್ನು ಹೊತ್ತ ವಣಿಜರು ಶತಮಾನಗಳ ಕಾಲ ಕನ್ನಡ, ತೆಲುಗು, ತಮಿಳು ನಾಡುಗಳಲ್ಲಿಯೂ ಕಡಲಾಚೆಯ ಸಿಂಹಳ, ಸುಮಾತ್ರಗಳಲ್ಲಿಯೂ ವ್ಯವಹರಿಸಿದರು. ಭಾಷೆ ಬೇರೆ, ಅರಸು ಬೇರೆ, ಅನೇಕ ವೇಳೆ ಮತವೂ ಬೇರೆ. ಪರಸ್ಪರ ಮುಖಪರಿಚಯವೂ ಇಲ್ಲದ ಇವರು ಒಂದೇ ಹೆಸರಿನಿಂದ ಕರೆದುಕೊಂಡದ್ದು ಹೇಗೆ?

ಐಹೊಳೆಯ ಲಾಡಖಾನ ಗುಡಿಯ ಸುಮಾರು ಕ್ರಿ.ಶ. 800ರ ಶಾಸನದಲ್ಲಿ ಅಲ್ಲಿಯ ಐನೂರ್ವರು ಮಹಾಜನರ ಉಲ್ಲೇಖವಿದೆ. ಆ ಮಹಾಜನರಿಗೂ ವರ್ತಕಸಂಘಕ್ಕೂ ಇದ್ದ ಸಂಬಂಧವನ್ನು ಕುರಿತು ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಮುಂದಿನ ಕಾಲದಲ್ಲಂತೂ ಐನೂರು ಎಂಬುದು ಲೆಕ್ಕವಲ್ಲ, ಹೆಸರು. ಶಾಸನಗಳಲ್ಲಿ ಐನೂರು ಮಂದಿಯನ್ನು ಎಣಿಸಹೊರಡುವುದು ವ್ಯರ್ಥಶ್ರಮ.

ಉತ್ತರದ ಮೊದಲ ಭಾಗ ಅವರ ಪ್ರಶಸ್ತಿಯಲ್ಲಿದೆ. ಹನ್ನೊಂದನೆಯ ಶತಮಾನದ ನಡುಭಾಗಕ್ಕೆ ಸೇರಿದ ಶಿಕಾರಿಪುರದ ಶಾಸನದಲ್ಲಿ ಇದರ ವಿಸ್ತಾರವಾದ ರೂಪವೊಂದು ದೊರೆಯುತ್ತದೆ. ಸತ್ಯ, ಶೌಚ, ಸದಾಚಾರ, ನಯ, ವಿನಯಗಳಿಂದ ಕೂಡಿದವರು; ವೀರಬಣಂಜುಧರ್ಮವನ್ನು ಪಾಲಿಸುವವರು; ಗುಡ್ಡಧ್ವಜವುಳ್ಳವರು. ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳನ್ನು ಹೊತ್ತು ನೆಲದಲ್ಲಿಯೂ ಜಲದಲ್ಲಿಯೂ ಸಂಚರಿಸುವವರು. ಅಯ್ಯಾವೊಳೆಯ ಪರಮೇಶ್ವರಿಯ ಮಕ್ಕಳೆಂಬುದು ಅವರಿಗೆ ಇನ್ನೊಂದು ಹೆಗ್ಗಳಿಕೆ. ಇದು ಬರಿಯ ಆತ್ಮಸ್ತುತಿಯೆಂದು ತಳ್ಳಿಹಾಕಿದವರುಂಟು. ಆದರೆ ಇದೇ ಮಾತುಗಳು ಸ್ವಲ್ಪ ಸ್ವಲ್ಪ ವ್ಯತ್ಯಾಸದಿಂದ ತಮಿಳುನಾಡಿನ ಶಾಸನಗಳಲ್ಲಿಯೂ ಕಾಣುತ್ತವೆ. ಅನ್ಯದೇಶದ ಸಂತೆಗೆ ಬಂದ ಅಪರಿಚಿತನಿಗೆ ಈ ಪ್ರಶಸ್ತಿಯೇ ಗುರುತಿನ ಮುದ್ರೆಯಾಗಿದ್ದಿರಬೇಕು.

ಎರಡನೆಯ ಭಾಗ ಸಂಘದ ಕಟ್ಟಿನಲ್ಲಿದೆ. ಸಮಸ್ತ ವರ್ತಕರನ್ನೂ ಆಳುವ ಒಂದು ಮುಖ್ಯಸ್ಥಾನವಾಗಲಿ, ಎಲ್ಲರಿಗೂ ಒಂದೇ ಭಂಡಾರವಾಗಲಿ ಶಾಸನಗಳಲ್ಲಿ ಕಾಣದು. ಪಟ್ಟಣ ಪಟ್ಟಣಕ್ಕೆ ನಖರ, ಅದಕ್ಕೊಬ್ಬ ಪಟ್ಟಣಸ್ವಾಮಿ. ಸ್ವದೇಶಿ, ಪರದೇಶಿ, ನಾನಾದೇಶಿಗಳೂ, ಸೆಟ್ಟಿ, ಗವರೆ, ಗಾತ್ರಿಗ, ಮುಮ್ಮುರಿದಂಡರೂ ಕೂಡಿ ಸಭೆಯಾದಾಗ ಅದು ಐನೂರ್ವರ ಸಭೆ. ಆ ಸಭೆ ತನ್ನ ಸರಕಿನ ಮೇಲೆ ತಾನೇ ತೆರೆ ಹಾಕಿಕೊಳ್ಳುತ್ತಿತ್ತು. ಕೊಲ್ಲಾಪುರದ ಹನ್ನೆರಡನೆಯ ಶತಮಾನದ ಕನ್ನಡ ಶಾಸನದಲ್ಲಿ ಬಸದಿಗಾಗಿ, ತಮಿಳುನಾಡಿನ ಪಿರಾನ್‌ಮಲೈಯ ಶಾಸನದಲ್ಲಿ ಅಲ್ಲಿಯ ದೇವಾಲಯಕ್ಕಾಗಿ ಹೀಗೆ ವಿಧಿಸಿಕೊಂಡ ಕಾಣಿಕೆಗಳಿವೆ. ಸುಮಾತ್ರದ ಬಾರೂಸ್‌ನಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿ ಹಡಗಿನ ನಾಯಕರು ಕಸ್ತೂರಿಯ ಬೆಲೆಗನುಸಾರವಾಗಿ ಹೊನ್ನಿನಲ್ಲಿ ಸಲ್ಲಿಸಬೇಕಾದ ಕಾಣಿಕೆ ಗೊತ್ತಾಗಿದೆ. ಅಷ್ಟು ದೂರದಲ್ಲಿ ಅದನ್ನು ಸಲ್ಲಿಸೆಂದು ಬಲಾತ್ಕರಿಸಲು ಇವರಿಗೆ ತಮ್ಮದೇ ಆದ ರಾಜ್ಯವಿರಲಿಲ್ಲವೆಂಬುದನ್ನು ಗಮನಿಸಬೇಕು.

ಆದರೂ ಧರ್ಮದ ಹೆಸರು ಹೇಳಿದ ಮಾತ್ರಕ್ಕೆ ಸಂಘದಲ್ಲಿ ದೋಷವಿರಲಿಲ್ಲವೆಂದು ಭಾವಿಸಲಾಗದು. ಸಾರ್ಥಗಳ ರಕ್ಷಣೆಗೆ ಆಯುಧಪಾಣಿಗಳು ಬೇಕಾಗಿದ್ದರು. ಕಾಯುವ ಕೈಯೇ ಕಸಿಯುವ ಕೈಯಾಗುವ ಭಯ ಸದಾ ಇತ್ತು. ಚೆನ್ನೈ ಸಮೀಪದ ಕಾಟ್ಟೂರಿನ ಶಾಸನ ಈ ದೃಷ್ಟಿಯಿಂದ ಅಮೂಲ್ಯವಾದುದು. ಒಂದು ಊರನ್ನು ವೀರಪಟ್ಟಣವನ್ನಾಗಿ ಮಾಡಿದ ಸಭೆ, ಅಲ್ಲಿ ಆಯುಧ ತೋರಿಸಿ ಜನರನ್ನು ಅಡ್ಡಗಟ್ಟಿ ಸುಂಕ ಕೇಳುವ, ಹಿಡಿದು ಉಪವಾಸ ಕೆಡಹುವ ವರ್ತಕರನ್ನು ಸಮಯದಿಂದ ಹೊರಗೆಂದು ವಿಧಿಸಿತು. ಇಲ್ಲಿ 'ಸಮಯ'ವೆಂದರೆ ಸಂಘದ ಕಟ್ಟುಪಾಡು. ನೂರಾರು ಹರದಾರಿ ದೂರದಲ್ಲಿ ಸಾಲ, ಆಶ್ರಯ, ಬೆಂಗಾವಲುಗಳಿಗೆ ಆ ಹೆಸರನ್ನೇ ನಂಬಿದವನಿಗೆ ಇದಕ್ಕಿಂತ ಕಠಿಣವಾದ ದಂಡನೆ ಬೇರೆ ಯಾವುದು? ಪ್ರಶಸ್ತಿಯ ಸದಾಚಾರವು ಇಲ್ಲಿ ಅಲಂಕಾರವಾಗಿ ಉಳಿಯದೆ ವಿಧಿಯಾಗಿದೆ. ಕಟ್ಟು ಸಡಿಲವಾಗಿದ್ದ ಈ ಸಂಘಕ್ಕೆ ಒಳಗೆ, ಹೊರಗೆ ಎಂಬ ಗೆರೆಯೇ ಬಲ.

ವಿಜಯನಗರದ ಕಾಲಕ್ಕೆ ಪರಿಸ್ಥಿತಿ ಬದಲಾಯಿತು. 1382ರ ಬೇಲೂರಿನ ಶಾಸನವೊಂದರಲ್ಲಿ ವಿಜಯನಗರ, ದೋರಸಮುದ್ರ, ಪೆನುಗೊಂಡೆ, ಕಂಚಿ, ಮಂಗಳೂರು, ಬಾರಕೂರು ಮೊದಲಾದ ಪಟ್ಟಣಗಳ ಸಾಲುಮೂಲೆಯವರು ಕೂಡಿ 'ಪೃಥ್ವೀಸೆಟ್ಟಿತನ'ವೆಂಬ ಪದವಿಯನ್ನು ಒಬ್ಬನಿಗೆ ಕೊಟ್ಟರು. ಒಬ್ಬನೇ ಅಧಿಪತಿಯಿಲ್ಲದೆ ನಡೆದುಬಂದಿದ್ದ ವರ್ತಕಸಮುದಾಯಕ್ಕೆ ಕೊನೆಗೂ ಒಬ್ಬ ಲೋಕಕ್ಕೆಲ್ಲ ಸೆಟ್ಟಿ ದೊರೆತ. ಆತನ ಹೆಸರು ಮುದ್ದಯ್ಯ ದಂಡನಾಯಕ.